ಗೇಟಿನೊಳಗೆ ಸೇರದ ಕುಚ್ಚು

ಬೆಂಗಳೂರಿಗೆ ಸಮುದ್ರವಿಲ್ಲ. ಆದರೂ ನಾನು ನೌಕರಿ ಮಾಡಿದ್ದು ಬಂದರಿನಲ್ಲಿ ಎಂದರೆ ತಪ್ಪಾಗುವುದಿಲ್ಲ. ನಗರದ ಪೂರ್ವದ ಅಂಚಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕಂಟೇನರುಗಳನ್ನು ಪೇರಿಸಿಡುವ ದೊಡ್ಡ ಅಂಗಳವಿದೆ. ಹಡಗಿಗೆ ಹೋಗಬೇಕಾದ ಸರಕನ್ನು ಅಲ್ಲಿಯೇ ತಪಾಸಣೆ ಮಾಡಿ, ಸೀಲು ಹಾಕಿ, ರೈಲಿಗೆ ಏರಿಸುತ್ತಾರೆ. ಸುಂಕ ಇಲಾಖೆಯ ನನ್ನ ಕೆಲಸದ ಬಹುಪಾಲು ವರ್ಷಗಳು ಅಲ್ಲಿ ಕಳೆದವು. ಕೊನೆಯ ಕೆಲವು ವರ್ಷ ಅಲ್ಲಿಂದ ಸ್ವಲ್ಪ ಈಚೆಗಿರುವ ಒಂದು ವಿಶೇಷ ಆರ್ಥಿಕ ವಲಯದ ಗೇಟಿನಲ್ಲಿ ಕುಳಿತೆ.

ವಲಯ ಎಂದರೆ ಗೋಡೆ ಕಟ್ಟಿದ ಜಾಗ. ಒಳಗೆ ಕಾರ್ಖಾನೆಗಳು, ಕಚೇರಿಗಳು, ಒಂದು ಕ್ಯಾಂಟೀನು. ಆದರೆ ಸುಂಕದ ಲೆಕ್ಕದಲ್ಲಿ ಗೋಡೆಯ ಒಳಗಿನ ನೆಲ ಹೊರದೇಶವಿದ್ದ ಹಾಗೆ. ವಿದೇಶದಿಂದ ತರಿಸಿದ ಕಚ್ಚಾ ಸಾಮಾನಿಗೆ ಸುಂಕವಿಲ್ಲ, ತೆರಿಗೆಗಳಲ್ಲಿ ವಿನಾಯಿತಿ, ಅನುಮತಿಗಳೆಲ್ಲ ಒಂದೇ ಕಡೆ. ಪ್ರತಿಯಾಗಿ, ಗೇಟು ದಾಟುವ ಪ್ರತಿಯೊಂದು ವಸ್ತುವಿಗೂ ಗಡಿ ದಾಟಿದಂತೆ ಲೆಕ್ಕ ಕೊಡಬೇಕು. ನಾನು ಆ ಗೇಟಿಗೆ ವರ್ಗವಾದಾಗ ಹಲಸೂರಿನ ಮನೆಯಲ್ಲಿ ನನ್ನ ನಾದಿನಿ ಬಂದವರಿಗೆಲ್ಲ ಹೇಳುತ್ತಿದ್ದಳು: “ನಮ್ಮತ್ತಿಗೆ ದಿನಾ ಫಾರಿನ್ನಿಗೆ ಹೋಗಿ ಸಾಯಂಕಾಲ ವಾಪಸ್ ಬರ್ತಾರೆ. ಒಂದು ದಿನಾನೂ ಒಂದು ಚಾಕ್ಲೇಟ್ ತಂದಿಲ್ಲ.”

ನಾನು ಸೇವೆಗೆ ಸೇರಿದ ಕಾಲದಲ್ಲಿ ನಮ್ಮ ಕೆಲಸ ತಡೆಯುವುದಾಗಿತ್ತು. ನಿವೃತ್ತಿಯ ಹೊತ್ತಿಗೆ ಸರ್ಕಾರಗಳೇ ವ್ಯಾಪಾರಿಗಳನ್ನು ಕರೆಯುವ ಕೆಲಸಕ್ಕೆ ಇಳಿದಿದ್ದವು. ಬಂದರು ಊರುಗಳು ತಮ್ಮತಮ್ಮಲ್ಲಿ ಪೈಪೋಟಿಗೆ ಬಿದ್ದಿದ್ದವು. ಒಂದು ಊರು ಮೊದಲ ಕೆಲವು ವರ್ಷದ ಶೆಡ್ಡಿನ ಬಾಡಿಗೆ ಬಿಟ್ಟರೆ ಇನ್ನೊಂದು ವಿದ್ಯುತ್ತಿನ ಮೇಲಿನ ತೆರಿಗೆ ಬಿಡುತ್ತಿತ್ತು. ಮತ್ತೊಂದು, ಕೆಲಸದ ಹೆಂಗಸರಿಗೆ ಹಾಸ್ಟೆಲು ಕಟ್ಟಿಕೊಡುತ್ತೇನೆ ಎನ್ನುತ್ತಿತ್ತು. ಅವರ ಅಧಿಕಾರಿಗಳು ಬೆಂಗಳೂರಿಗೆ ಬಂದು ದೊಡ್ಡ ಹೋಟೆಲುಗಳಲ್ಲಿ ವ್ಯಾಪಾರಿಗಳನ್ನು ಕೂಡಿಸಿ ತಮ್ಮ ಊರಿನ ಗುಣಗಾನ ಮಾಡಿ ಹೋಗುತ್ತಿದ್ದರು. ಈಗಲೂ ಮಾಡುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಹಡಗು ಬರಬೇಕಾದರೆ ಸರಕು ಬೇಕು. ಸರಕು ತಾನಾಗಿ ಬರುವುದಿಲ್ಲ.

ಅಂಥ ಒಂದು ಸಭೆಗೆ ನನ್ನನ್ನು ಕರೆದುಕೊಂಡು ಹೋದವರು ಪುಲಿಕೇಶಿನಗರದ ಒಬ್ಬ ವ್ಯಾಪಾರಿ. ಅವರ ತಂದೆಗೆ ಶಿವಾಜಿನಗರದಲ್ಲಿ ಸೀರೆಯ ಬಾರ್ಡರು, ಲೇಸು ಮಾರುವ ಅಂಗಡಿ ಇತ್ತು. ಮಗ ಅದನ್ನು ಬೆಳೆಸಿ, ಕೈಯಲ್ಲಿ ಕುಚ್ಚು ಕಟ್ಟಿದ ರೇಷ್ಮೆ ಶಾಲುಗಳನ್ನು ಕೊಲ್ಲಿ ದೇಶಗಳಿಗೆ ಕಳಿಸತೊಡಗಿದ್ದರು. ಅವರ ಪೆಟ್ಟಿಗೆಗಳು ನನ್ನ ಅಂಗಳದ ಮೂಲಕ ಬಹಳ ವರ್ಷ ಹೋಗಿವೆ. ಹೇಳಿದ್ದೇ ಒಳಗಿರುತ್ತಿತ್ತು, ನಮಗೆ ಅಷ್ಟು ಸಾಕು. ನಾನು ನಿವೃತ್ತಳಾದ ಮೇಲೆ ಅವರು ನಿಯಮಗಳ ಬಗ್ಗೆ ಏನಾದರೂ ಕೇಳಲು ಆಗಾಗ ಮನೆಗೆ ಬರುತ್ತಿದ್ದರು. ಬರುವ ಮೊದಲು ಫೋನು ಮಾಡುತ್ತಿದ್ದರು, ಹೇಳಿದ ಹೊತ್ತಿಗೆ ಬರುತ್ತಿದ್ದರು. ನಮ್ಮ ಸ್ನೇಹ ಉಳಿದದ್ದಕ್ಕೆ ಅದೂ ಒಂದು ಕಾರಣ.

ಆ ಸಭೆ ಕಂಟೋನ್ಮೆಂಟಿನ ಒಂದು ಹೋಟೆಲಿನಲ್ಲಿ ನಡೆಯಿತು. ಪಶ್ಚಿಮ ಕರಾವಳಿಯ ಒಂದು ಬಂದರು ಊರಿನಿಂದ ಒಬ್ಬ ತರುಣ ಅಧಿಕಾರಿ ಬಂದಿದ್ದ. ಕೋಟು ಅವನಿಗೆ ಸ್ವಲ್ಪ ದೊಡ್ಡದಾಗಿತ್ತು, ಆದರೆ ವಿಷಯ ಬಾಯಿಪಾಠವಾಗಿತ್ತು. ಪರದೆಯ ಮೇಲೆ ನಕ್ಷೆ ತೋರಿಸಿ, ಶೆಡ್ಡಿನಿಂದ ಹಡಗುಕಟ್ಟೆಗೆ ಎಷ್ಟು ಹತ್ತಿರ ನೋಡಿ ಎಂದ. ಯಾವ ಯಾವ ತೆರಿಗೆ ಇಲ್ಲ ಎಂದು ಒಂದೊಂದಾಗಿ ಹೇಳಿದ. ಪ್ರಶ್ನೆಯ ಹೊತ್ತಿಗೆ ನಾನು ಎದ್ದು, ಕೆಲಸದ ಒಂದು ಭಾಗ ವಲಯದ ಹೊರಗೆ, ಬೇರೆ ಊರಿನಲ್ಲಿ ನಡೆಯಬೇಕಾದರೆ ಹೇಗೆ ಎಂದು ಕೇಳಿದೆ. ಅನುಮತಿ ಪಡೆದು ಕಳಿಸಬಹುದು, ಗೇಟು ಪಾಸಿನಲ್ಲಿ ಹೋದದ್ದು ಅದೇ ಪಾಸಿನಲ್ಲಿ ಅವಧಿಯೊಳಗೆ ವಾಪಸು ಬರಬೇಕು ಎಂದ. ಉತ್ತರ ಸರಿಯಾಗಿತ್ತು.

ವಾಪಸು ಬರುವಾಗ ಕಾರಿನಲ್ಲಿ, ಹಲಸೂರು ಕೆರೆ ಕಂಡಾಗ ವ್ಯಾಪಾರಿ ಮಾತು ತೆಗೆದರು.

“ನೋಡಿ ಮೇಡಂ, ಇಲ್ಲಿ ದಾರದ ಮೇಲೆ ಸುಂಕ ಮೊದ್ಲು ಕಟ್ಬೇಕು, ಆಮೇಲೆ ವಾಪಸ್ ಕೊಡಿ ಅಂತ ಕೇಳ್ಬೇಕು, ಕಾಯ್ಬೇಕು. ಕುಚ್ಚಿನ ಮಣಿಗೂ ಅದೇ. ಅಲ್ಲಿ ಕಟ್ಟೋದೂ ಇಲ್ಲ, ಕೇಳೋದೂ ಇಲ್ಲ. ನನ್ನ ಜೊತೆ ಪೈಪೋಟಿ ಮಾಡೋರೆಲ್ಲ ಒಂದೊಂದು ಬಂದರಿಗೆ ಹೋಗಿ ಕೂತಾಯ್ತು. ನಾನೊಬ್ನೇ ಇಲ್ಲೇ ಮಾಸ್ಕ್ ರೋಡಲ್ಲಿ ಸಮೋಸ ತಿಂತಾ ಕೂತ್ರೆ ನಡೆಯತ್ತಾ?”

ನಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಹಾಗೆಂದೇ ಹೇಳಿದೆ.

ಅವರ ಮನೆಯಲ್ಲಿ ಈ ಮಾತನ್ನು ಒಪ್ಪದಿದ್ದವರು ಒಬ್ಬರೇ, ಅವರ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಮರಳಿದ್ದಳು. ಬಂದ ವರ್ಷದಿಂದಲೇ ಕುಚ್ಚಿನ ಕೆಲಸವೆಲ್ಲ ಅವಳ ಕೈಯಲ್ಲಿತ್ತು. ಅವಳು ತಂದೆಯ ಅಂಗಡಿಯಲ್ಲಿ ಓಡಾಡುವ ಹುಡುಗಿಯಾಗಿದ್ದಾಗಿನಿಂದ ನಾನು ಅವಳನ್ನು ಬಲ್ಲೆ. ಕುಚ್ಚು ಕಟ್ಟುವ ಹೆಂಗಸರೆಲ್ಲ ಅವಳನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ ಸೇರಿ.

ಕುಚ್ಚು ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದನ್ನು ಎಲ್ಲಿ ಕಟ್ಟುತ್ತಾರೆ ಎಂದು ಹೇಳಬೇಕು. ಅದಕ್ಕೆ ಕಾರ್ಖಾನೆ ಇಲ್ಲ. ಪ್ರತಿ ಮಂಗಳವಾರ ಆಪಾ ಆಟೋಗಳಲ್ಲಿ ಶಾಲಿನ ಬಂಡಲುಗಳನ್ನು ಹೇರಿಕೊಂಡು ಹಲಸೂರು, ಕೆ.ಆರ್. ಪುರ, ರಾಮಮೂರ್ತಿ ನಗರಗಳ ಮನೆಮನೆಗೆ ಹಂಚುತ್ತಿದ್ದಳು. ಹೆಂಗಸರು ಅಡುಗೆಯಾದ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ, ಶಾಲನ್ನು ಕಿಟಕಿಯ ಸರಳಿಗೆ ಇಳಿಬಿಟ್ಟು, ಅಂಚಿನ ಎಳೆಗಳನ್ನು ಸಣ್ಣ ಗೊಂಚಲು ಮಾಡಿ, ಗಂಟು ಹಾಕಿ, ಮಣಿ ಪೋಣಿಸುತ್ತಿದ್ದರು. ನಡುವೆ ಎದ್ದು ಕುಕ್ಕರ್ ಇಳಿಸುತ್ತಿದ್ದರು. ಬಾಗಿಲಿಗೆ ಬಂದ ಸೊಪ್ಪಿನವಳ ಜತೆ ಜಗಳವಾಡಿ ಬಂದು ಗಂಟು ಮುಂದುವರಿಸುತ್ತಿದ್ದರು. ನಾನು ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು. ಮೊದಲ ಸಲ ಆ ಮನೆಗಳಿಗೆ ಹೋದಾಗ, ಹೀಗೆ ಒಂದಾದರೂ ಶಾಲು ಹೇಗೆ ಮುಗಿಯುತ್ತದೆ ಎಂದು ನನಗೆ ಆಶ್ಚರ್ಯವಾಗಿತ್ತು. ಮುಗಿಯುತ್ತಿತ್ತು.

ಅಣ್ಣ ತಂಗಿ ಜಗಳವಾಡುವುದು ತಮ್ಮ ಮನೆಮಾತು ದಖನಿಯಲ್ಲಿ. ನಾನಿದ್ದಾಗ ಮರ್ಯಾದೆಗೆಂದು ಕನ್ನಡಕ್ಕೆ ಬರುತ್ತಿದ್ದರು, ಕೋಪ ಏರಿದರೆ ಮತ್ತೆ ದಖನಿಗೆ ಜಾರುತ್ತಿದ್ದರು. ಸಭೆಯ ಸುದ್ದಿ ಹೇಳಿದ ದಿನ ತಂಗಿ ಒಂದೇ ಮಾತು ಕೇಳಿದಳು. “ಭಾಯಿ, ದಾರ ಅಲ್ಲಿ ಬಿಟ್ಟಿ ಸಿಗತ್ತೆ, ಸರಿ. ಕೈ ಎಲ್ಲಿಂದ ತರ್ತೀರ?”

ಕೊನೆಗೆ ಆದ ಒಪ್ಪಂದ ಇಷ್ಟು. ಅಣ್ಣ ಬಂದರಿನ ವಲಯದಲ್ಲಿ ಶೆಡ್ಡು ಹಿಡಿಯುವುದು. ಬಟ್ಟೆ ಬರುವುದು, ಕತ್ತರಿಸುವುದು, ಅಂಚು ಹೊಲಿಯುವುದು, ಇಸ್ತ್ರಿ ಮಾಡಿ ಪ್ಯಾಕು ಮಾಡುವುದು ಎಲ್ಲ ಅಲ್ಲಿ. ಕುಚ್ಚಿಗೆ ಮಾತ್ರ ಶಾಲುಗಳು ಲಾರಿಯಲ್ಲಿ ಬೆಂಗಳೂರಿಗೆ ಬಂದು, ಕಟ್ಟಿಸಿಕೊಂಡು ವಾಪಸು ಹೋಗುವುದು. ಮೊದಲ ಸರಕು ಸರಿಯಾಗಿ ಹೋಗಿ ಬಂದು ಹಡಗು ಹತ್ತಿದರೆ ಮನೆಗಳ ಕೆಲಸ ಹೀಗೆಯೇ ನಡೆಯಲಿ. ಇಲ್ಲವಾದರೆ ಕೈಕುಚ್ಚು ನಿಲ್ಲಲಿ, ಮಿಶನ್ನಿನ ಜಾಲರಿ ಹಾಕಿದರಾಯಿತು. ಅಣ್ಣ ಇದನ್ನು ಬೆದರಿಕೆಯಾಗಿ ಹೇಳಲಿಲ್ಲ. ದುಬೈಯಲ್ಲಿ ಕೊಳ್ಳುವವನು ಮದುವೆಯ ಕಾಲಕ್ಕೆ ಮಾಲು ಕೇಳಿದ್ದ, ಬೇರೆಯವರ ಬೆಲೆಯನ್ನೂ ಜತೆಗೆ ಹೇಳಿದ್ದ. ತಂಗಿ ಒಪ್ಪಿದಳು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಅಲ್ಲಿನ ಗೇಟಿನವರು ಒಂದೊಂದು ಬಂಡಲಿಗೆ ಒಂದೊಂದು ಪಾಸು ಮಾಡಿ ಕಳಿಸಿದರು. ಗುರುತಿಗೆ ಸುಲಭವಾಗಲೆಂದು ಬಣ್ಣದ ಪ್ರಕಾರ ಬಂಡಲು: ಒಂದು ಪೂರ್ತಿ ಕಡುನೀಲಿ, ಒಂದು ಪೂರ್ತಿ ಗಿಳಿಹಸಿರು, ಹೀಗೆ. ಮೊದಲ ಹಂಚಿಕೆಯ ದಿನ ನಾನೂ ಆಪಾ ಜತೆ ಹೋದೆ. ಕಟ್ಟಿಕೊಟ್ಟ ಬಂಡಲು ಹಾಗೆಯೇ ವಾಪಸು ಬರಬೇಕು ಎಂದು ಪ್ರತಿ ಮನೆಯಲ್ಲೂ ಹೇಳಿದೆ. ರಾಮಮೂರ್ತಿ ನಗರದಲ್ಲಿ ಒಬ್ಬ ಯಜಮಾನಿ ಇದ್ದರು. ಅವರ ಮನೆಯವರು ಅಲ್ಲಿಯ ಹಳೆಯ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆಯ ಮನೆಗಳ ಸಾಲು. ಬಾಡಿಗೆಯಿಂದಲೇ ಬದುಕಬಹುದಾಗಿದ್ದರೂ ಆಕೆ ಕುಚ್ಚು ಬಿಟ್ಟಿರಲಿಲ್ಲ. ಅವರ ಗಂಟು ಎಲ್ಲರಿಗಿಂತ ಬಿಗಿ. ಸುತ್ತಲಿನ ಬಾಡಿಗೆದಾರ ಹೆಂಗಸರಿಗೂ ಅವರೇ ಕಲಿಸಿದ್ದರು. ನನ್ನ ಮಾತು ಕೇಳಿ, “ಆಯ್ತು ಮೇಡಂ, ಒಂದ್ ಪೀಸೂ ಕಳ್ಯಲ್ಲ. ಇಷ್ಟ್ ವರ್ಷದಲ್ಲಿ ಕಳ್ದಿದೀವಾ, ಕೇಳಿ ಆಪಾನ,” ಎಂದರು. ಕಳೆದಿರಲಿಲ್ಲ. ನಾನೂ ಮುಂದಿನ ಮನೆಗೆ ಹೊರಟೆ.

ಕೆಲಸ ಅರ್ಧವಾಗಿದ್ದಾಗ ಆ ಯಜಮಾನಿಯ ಮಾವ ತೀರಿಕೊಂಡರು. ವಯಸ್ಸಾಗಿತ್ತು, ದುಃಖ ಮಿತವಾಗಿತ್ತು. ಆದರೆ ಆ ಸಾಲಿನ ಹಳೆಯ ಮನೆಗಳೆಲ್ಲ ಅಣ್ಣತಮ್ಮಂದಿರ, ದಾಯಾದಿಗಳ ಮನೆಗಳು. ಒಂದು ಮನೆಯಲ್ಲಿ ಸಾವಾದರೆ ಸೂತಕ ಇಡೀ ಸಾಲಿಗೆ. ಈ ಶಾಲುಗಳು ಯಾರದೋ ಮದುವೆಗೆ ಹೋಗುವಂಥವು; ಸೂತಕದ ಕೈ ಅವನ್ನು ಮುಟ್ಟುವುದಿಲ್ಲ. ಇದು ಆ ಹೆಂಗಸರು ತಮಗೆ ತಾವೇ ಹಾಕಿಕೊಂಡ ಕಟ್ಟು. ಆಪಾ ಅದನ್ನು ಮೊದಲಿನಿಂದ ನಡೆಸಿಕೊಂಡು ಬಂದಿದ್ದಳು. ಮದುಮಗಳು ದುಬೈಯವಳಾದರೇನು, ಮದುಮಗಳೇ ಅಲ್ಲವೇ ಎನ್ನುತ್ತಿದ್ದಳು.

ಹೀಗಾದಾಗ ಏನು ಮಾಡಬೇಕೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಕಟ್ಟಿ ಮುಗಿಸಿದ್ದನ್ನೂ ಮುಗಿಸದ್ದನ್ನೂ ಬಾಡಿಗೆಯ ಮನೆಗಳಿಗೆ ದಾಟಿಸುವುದು. ಬಾಡಿಗೆದಾರರಿಗೆ ಸೂತಕವಿಲ್ಲ. ಅವರು ಸೇರಿ ಶಾಲುಗಳನ್ನು ಹಂಚಿಕೊಂಡರು. ಕಡುನೀಲಿಯ ಎಳೆ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ ಎಂದು ಕಣ್ಣು ಮಂಜಾದವರು ಹಸಿರು, ಹಳದಿ ತೆಗೆದುಕೊಂಡರು; ಚುರುಕು ಕಣ್ಣಿನವರು ನೀಲಿ ತೆಗೆದುಕೊಂಡರು. ಸೂತಕ ಬಿಡುವ ಮೊದಲೇ ಎಲ್ಲವೂ ಮುಗಿದಿತ್ತು. ಮುಗಿದ ಮೇಲೆ ಒಬ್ಬೊಬ್ಬರೂ ತಾವು ಕಟ್ಟಿದ್ದನ್ನು ತಮ್ಮ ತಮ್ಮ ಬಂಡಲು ಮಾಡಿ ಇಟ್ಟರು.

ತಪ್ಪು ನಡೆದದ್ದು ಇಲ್ಲಿ, ಆದರೆ ಅವರ ರೀತಿಯಲ್ಲಿ ಅದು ತಪ್ಪೇ ಅಲ್ಲ. ಅವರಿಗೆ ಬಂಡಲು ಎಂದರೆ ಒಂದು ಕೈ. ಯಾರು ಕಟ್ಟಿದರೋ ಅವರ ಹೆಸರಿನಲ್ಲಿ ಅದು ಹೋಗಬೇಕು. ಗಂಟು ಸಡಿಲವಾಗಿದ್ದರೆ ಅವರಿಗೇ ವಾಪಸು ಬರಬೇಕು. ಗೇಟಿಗೆ ಬಂಡಲು ಎಂದರೆ ಒಂದು ಪಾಸು. ಆಪಾ ಬಂದು ಪ್ರತಿ ಬಂಡಲು ಬಿಚ್ಚಿ ಗಂಟುಗಳನ್ನು ಬೆರಳಿನಲ್ಲಿ ತಡವಿ ನೋಡಿದಳು. ಒಟ್ಟು ಲೆಕ್ಕ ಹಾಕಿದಳು. ಸರಿಯಾಗಿತ್ತು. ಅವಳಿಗೂ ಬಂಡಲು ಎಂದರೆ ಕೈಯೇ. ಮತ್ತೆ ಕಟ್ಟಿ ಲಾರಿಗೆ ಹಾಕಿಸಿದಳು.

ಎರಡು ದಿನದ ಮೇಲೆ ಅಣ್ಣ ಬಂದರಿನಿಂದ ನನಗೆ ಫೋನು ಮಾಡಿದರು. ಸರಕನ್ನು ಗೇಟಿನಲ್ಲಿ ನಿಲ್ಲಿಸಿದ್ದರು. ನೀಲಿ ಎಂದಿದ್ದ ಪಾಸಿನ ಬಂಡಲಿನಲ್ಲಿ ಹಸಿರು, ಹಸಿರಿನದರಲ್ಲಿ ಹಳದಿ. ಒಂದು ಪಾಸಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಟ್ಟು ಸರಿಯಿದೆಯಲ್ಲ ಎಂದು ಇವರು, ಒಟ್ಟನ್ನು ನಾವು ಕೇಳಿಲ್ಲ ಎಂದು ಅವರು. ನಾನು ಅಲ್ಲಿನ ಅಧಿಕಾರಿಯೊಂದಿಗೆ ಮಾತಾಡಿದೆ. ಆತ ಸಭ್ಯನಾಗಿಯೇ ಇದ್ದ. ನೀವಿದ್ದರೆ ಬಿಡುತ್ತಿದ್ದಿರಾ ಮೇಡಂ ಎಂದು ಕೇಳಿದ. ಬಿಡುತ್ತಿರಲಿಲ್ಲ ಎಂದೆ.

ಈ ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ವಿನಾಯಿತಿ ಎಂದರೆ ದಾನ ಎಂದು ಬಹಳ ಜನ ತಿಳಿದಿದ್ದಾರೆ. ಸುಂಕವಿಲ್ಲದೆ ಬಂದ ರೇಷ್ಮೆ ವಲಯದಿಂದ ಹೊರಗೆ ಹೋಗಿ ಚಿಕ್ಕಪೇಟೆಯಲ್ಲಿ ಮಾರಾಟವಾಗಿ, ಬೇರೆ ರೇಷ್ಮೆ ವಾಪಸು ಬಂದರೆ, ಸುಂಕ ಕಟ್ಟಿ ವ್ಯಾಪಾರ ಮಾಡುವವನು ಮುಳುಗುತ್ತಾನೆ. ಆದ್ದರಿಂದ ಹೋದದ್ದೇ ಬಂದಿತು ಎಂದು ಗೇಟಿಗೆ ಖಾತ್ರಿಯಾಗಬೇಕು. ಗೋಡೆ ಗಟ್ಟಿಯಿದ್ದರೆ ಮಾತ್ರ ಒಳಗಿನ ರಿಯಾಯಿತಿಗೆ ಅರ್ಥ. ನಾನು ಆ ಗೋಡೆಯ ಬಾಗಿಲಲ್ಲಿ ಕುಳಿತಿದ್ದವಳು, ಅದನ್ನು ಹಳಿಯಲಾರೆ.

ಅರ್ಜಿ ಕೊಟ್ಟು, ಅವರ ಎದುರಿನಲ್ಲಿ ಶಾಲುಗಳನ್ನೆಲ್ಲ ಬಿಚ್ಚಿ, ಬಣ್ಣದ ಪ್ರಕಾರ ಮತ್ತೆ ಜೋಡಿಸುವಷ್ಟರಲ್ಲಿ ಹಡಗು ಹೋಗಿತ್ತು. ಸರಕು ಮುಂದಿನ ಹಡಗಿನಲ್ಲಿ ಹೋಯಿತು. ಕೊಳ್ಳುವವನು ಬೇಡವೆನ್ನಲಿಲ್ಲ, ಆದರೆ ಮದುವೆಯ ಕಾಲದ ಮೊದಲ ಮಾರಾಟ ತಪ್ಪಿತೆಂದು ಬೆಲೆ ಇಳಿಸಿದ.

ಆ ಭಾನುವಾರ ಪುಲಿಕೇಶಿನಗರದ ಮನೆಯಲ್ಲಿ ಮೂವರೂ ಕುಳಿತೆವು. ಅಣ್ಣ ಬಯ್ಯಲಿಲ್ಲ. ಬಯ್ದಿದ್ದರೆ ತಂಗಿಗೆ ಸುಲಭವಾಗುತ್ತಿತ್ತೇನೋ. ಅವರು ಯೋಚಿಸಿಕೊಂಡು ಬಂದಿದ್ದರು. ಗರುಡಾಚಾರ್‌ಪಾಳ್ಯದಲ್ಲಿ ಒಂದು ಮಹಡಿ ಬಾಡಿಗೆಗೆ ಇದೆ. ಹೆಂಗಸರು ಬೆಳಿಗ್ಗೆ ಅಲ್ಲಿಗೆ ಬರಲಿ, ಅಲ್ಲಿಯೇ ಕಟ್ಟಲಿ, ಸಾಯಂಕಾಲ ಬೀಗ ಹಾಕಿ ಹೋಗಲಿ. ಬಂಡಲು ಮಹಡಿ ಬಿಟ್ಟು ಇಳಿಯಬಾರದು. ವ್ಯಾನು ಬೇಕಾದರೆ ಕಳಿಸೋಣ. ಇದಕ್ಕೆ ಅವರು ಒಪ್ಪಿದರೆ ಕುಚ್ಚು ಉಳಿಯುತ್ತದೆ.

ನನಗೆ ಅದು ನ್ಯಾಯವೆಂದೇ ತೋರಿತು. ಬೆಳಕಿರುವ ಒಂದು ಹಜಾರ, ಬರುವ ಹೊತ್ತು, ಹೋಗುವ ಹೊತ್ತು. ನಾನು ಬಾಳಿದ್ದೇ ಹಾಗೆ. ಕೇಳಿ ನೋಡಮ್ಮ ಎಂದು ತಂಗಿಗೆ ಹೇಳಿದೆ.

“ಕೇಳ್ತೀನಿ ಮೇಡಂ. ನೀವೂ ಬನ್ನಿ. ನಾನೊಬ್ಳೇ ಹೋಗಿ ಬಂದ್ರೆ ನಾನೇ ಅವರ ಬಾಯಲ್ಲಿ ಬೇಡ ಅನ್ನಿಸ್ದೆ ಅಂತಾರೆ ಇವರು.”

ಅಣ್ಣ ಇದಕ್ಕೆ ದಖನಿಯಲ್ಲಿ ಏನೋ ಅಂದರು. ಅವಳೂ ಏನೋ ಅಂದಳು. ನನಗೆ ಯಾರೂ ಕನ್ನಡ ಮಾಡಿ ಹೇಳಲಿಲ್ಲ.

ಮಂಗಳವಾರ ಹೊರಟೆವು. ಕೆ.ಆರ್. ಪುರದ ಇಬ್ಬರು ಹೊಸ ಸೊಸೆಯಂದಿರು ಬರುತ್ತೇವೆ ಎಂದರು. ಮನೆಯಿಂದ ಹೊರಗೆ ಹೋಗಲು ಅವರಿಗೆ ಒಂದು ನೆಪ ಬೇಕಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಹಲಸೂರಿನ ಒಬ್ಬಳು ಅತ್ತೆಯನ್ನು ಕೇಳಬೇಕೆಂದಳು. ಅತ್ತೆ ಒಳಗಿನಿಂದಲೇ ಬೇಡವೆಂದರು. ಉಳಿದವರು ನಕ್ಕರು, ಅಥವಾ ಕಾಫಿ ಕೊಟ್ಟು ಬೇರೆ ಮಾತೆತ್ತಿದರು. ಒಬ್ಬಳಿಗೆ ಹಾಸಿಗೆ ಹಿಡಿದ ತಾಯಿ, ಒಬ್ಬಳಿಗೆ ಮಧ್ಯಾಹ್ನವೇ ಶಾಲೆ ಬಿಟ್ಟು ಬರುವ ಮಗು, ಮತ್ತೊಬ್ಬಳಿಗೆ ಬೆಳಿಗ್ಗೆ ಎರಡು ಮನೆಯ ಅಡುಗೆ ಕೆಲಸ. ಅವರು ದಿನವಿಡೀ ಕೆಲಸ ಮಾಡುವವರೇ. ಕುಚ್ಚು ಆ ಕೆಲಸಗಳ ನಡುವಿನ ಸಂದಿಗಳಲ್ಲಿ ಬೆಳೆದದ್ದು. ಸಂದಿಗಳನ್ನು ಒಟ್ಟುಗೂಡಿಸಿ ಒಂದು ಹಜಾರಕ್ಕೆ ತರಲು ಬರುವುದಿಲ್ಲ. ಇದನ್ನು ನಾನು ಅರ್ಥ ಮಾಡಿಕೊಳ್ಳಲು ಆ ದಿನ ಪೂರ್ತಿ ಬೇಕಾಯಿತು.

ರಾಮಮೂರ್ತಿ ನಗರದ ಯಜಮಾನಿ ಕೊನೆಯವರು. ನಡೆದದ್ದನ್ನು ಆಪಾ ಹೇಳಿದಳು. ಸೂತಕದ ಮಾತನ್ನು ಮಾತ್ರ ಬಿಟ್ಟು, ಬಣ್ಣ ಬೆರೆತುಹೋಯಿತು ಎಂದಷ್ಟೇ ಹೇಳಿದಳು. ಆಕೆಗೆ ಅರ್ಥವಾಯಿತು.

“ನಮ್ ಮನೆ ಸಾವಿಂದ ನಿಮ್ ಹಡಗು ತಪ್ತು,” ಎಂದರು.

“ಹಾಗಲ್ಲಕ್ಕಾ,” ಎಂದಳು ಆಪಾ.

“ಹಂಗೇಯ. ಮುಟ್ಬಿಟ್ಟಿದ್ರೆ ಆಗೋಗಿರೋದು. ಯಾರಿಗ್ ಗೊತ್ತಾಯ್ತಿತ್ತು.” ಆಮೇಲೆ ನನ್ನ ಕಡೆ ತಿರುಗಿ, “ನೀವ್ ಹೇಳಿ ಮೇಡಂ, ನಿಮ್ ಬಂದ್ರಲ್ಲಿ ಕೆಲ್ಸ ಮಾಡೋರ್ ಮನೇಲಿ ಯಾರೂ ಸಾಯಲ್ವಾ?”

ಸಾಯುತ್ತಾರೆ, ರಜೆ ಹಾಕುತ್ತಾರೆ ಎಂದೆ. ಆಕೆ ನಕ್ಕುಬಿಟ್ಟರು. ನಾನು ಹೇಳಿದ್ದು ನಿಜವೇ ಆಗಿತ್ತು.

ಹಜಾರಕ್ಕೆ ಬರುವ ಮಾತೆತ್ತಿದಾಗ ಅವರು ಎದ್ದು ಅಡುಗೆಮನೆಗೆ ಹೋದರು. ಹೊರಡುವಾಗ ಆಪಾಳ ಕೈಗೆ ಒಂದು ಪೊಟ್ಟಣ ಕೊಟ್ಟರು, ತಿಂಗಳ ತಿಥಿಯ ವಡೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟಳು.

ವಾಪಸು ಬರುವಾಗ ಆಟೋದಲ್ಲಿ ಅವಳು, ಇಬ್ಬರು ಸೊಸೆಯಂದಿರಿಗಾಗಿ ಒಂದು ಮಹಡಿ ಬಾಡಿಗೆ ಹಿಡಿಯಲು ಅಣ್ಣ ಒಪ್ಪುವುದಿಲ್ಲ ಎಂದಳು. ನಾನು ಹೂಂ ಎಂದೆ. ಹಾಗಾದರೆ ಕುಚ್ಚು ನಿಲ್ಲುತ್ತದೆ, ಎಂದಳು. ಅದಕ್ಕೂ ಹೂಂ ಎಂದೆ. ಬಾಣಸವಾಡಿ ದಾಟಿದ ಮೇಲೆ ಕೇಳಿದಳು: ಗೇಟಿಲ್ಲದೆ, ವಿನಾಯಿತಿಯೂ ಇಲ್ಲದೆ, ಇಲ್ಲಿಯೇ ಸುಂಕ ಕಟ್ಟಿ ತಂದ ದಾರದಲ್ಲಿ, ತನ್ನ ಹೆಸರಿನಲ್ಲಿ ಈ ಕೆಲಸ ನಡೆಸಲು ಬರುತ್ತದೆಯೇ. ಕಾನೂನಿನಲ್ಲಿ ಬರುತ್ತದೆ ಎಂದೆ. ಲಾಭವಾಗುತ್ತದೆಯೇ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಸಂಜೆಯೇ ಅವಳು ಅಣ್ಣನಿಗೆ ಹೇಳಿದಳು. ನಾನು ಅಲ್ಲಿದ್ದೆ, ಆದ್ದರಿಂದ ಕನ್ನಡದಲ್ಲಿ ಹೇಳಿದಳು. ಅಥವಾ ಕನ್ನಡದಲ್ಲಿ ಹೇಳಬೇಕೆಂದೇ ನನ್ನನ್ನು ಕೂರಿಸಿಕೊಂಡಿದ್ದಳು.

“ಭಾಯಿ, ಮಿಶನ್ ಮಾಲು ನಿಮ್ಮದು. ಬಂದರು ನಿಮ್ಮದು. ಕುಚ್ಚು ನಂಗೆ ಬಿಟ್ಬಿಡಿ.”

“ಬಿಟ್ಟು? ದುಬೈಯವನು ನಿನ್ನ ರೇಟಿಗೆ ತಗೋತಾನಾ?”

“ತಗೊಳಲ್ಲ. ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯವರು ತಗೋತಾರೆ. ಇಂದಿರಾನಗರದ ಇಬ್ಬರು ಬೊಟೀಕ್‌ನವರು ಕೇಳ್ತಾನೇ ಇದಾರೆ. ಚಿಕ್ಕದಾಗತ್ತೆ. ಆಗ್ಲಿ.”

“ನಮ್ಮ ಅಬ್ಬಾ ಕಟ್ಟಿದ ಅಂಗಡಿನ ಎರಡು ಮಾಡ್ತೀಯಾ?”

ಅವಳು ಟೀ ಕಪ್ಪುಗಳನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

“ಅದು ಎರಡಾಗಿದ್ದು ನೀವು ಶೆಡ್ ಹಿಡಿದ ದಿನ. ನಾನು ಈಗ ಹೇಳ್ತಿದೀನಿ ಅಷ್ಟೇ.”

ಅಣ್ಣ ನನ್ನ ಮುಖ ನೋಡಿದರು. ನ್ಯಾಯ ಹೇಳಲು ನಾನು ಯಾರು. ಅವರು ಬಂದರಿಗೆ ಹೋಗಿದ್ದೂ ಸರಿಯೇ. ಆ ಶೆಡ್ಡು ಹಿಡಿಯದಿದ್ದರೆ ಹೊರದೇಶದ ವ್ಯಾಪಾರ ಅವರ ಕೈ ತಪ್ಪುತ್ತಿತ್ತು, ಆಗ ಹಂಚಿಕೊಳ್ಳಲೂ ಏನೂ ಉಳಿಯುತ್ತಿರಲಿಲ್ಲ. ಅವರು ತಿಂಗಳುಗಟ್ಟಲೆ ತಂಗಿಯೊಂದಿಗೆ ಅಗತ್ಯವಿದ್ದಷ್ಟೇ ಮಾತಾಡಿದರು. ಆದರೆ ಕುಚ್ಚಿನ ದಾರದ ಹಳೆಯ ದಾಸ್ತಾನೆಲ್ಲ ಅವಳಿಗೇ ಬಿಟ್ಟರು, ಮನೆಯ ಕೆಳಗಿನ ಕೋಣೆಯನ್ನೂ ಬಿಟ್ಟರು. ಬಾಡಿಗೆಯ ಮಾತೆತ್ತಲಿಲ್ಲ.

ಬಂದರಿನ ಶೆಡ್ಡು ಈಗ ಚೆನ್ನಾಗಿ ನಡೆಯುತ್ತಿದೆ. ಮಿಶನ್ನಿನ ಜಾಲರಿಯ ಶಾಲುಗಳು ನೇರವಾಗಿ ಹಡಗು ಹತ್ತುತ್ತವೆ. ಬೆಂಗಳೂರನ್ನು ನೋಡುವುದೇ ಇಲ್ಲ. ಅಣ್ಣ ತಿಂಗಳಿನಲ್ಲಿ ಹೆಚ್ಚು ದಿನ ಅಲ್ಲಿಯೇ ಇರುತ್ತಾರೆ. ಬಂದಾಗ ನನಗೆ ಗೋಡಂಬಿ ತರುತ್ತಾರೆ.

ತಂಗಿ ತನ್ನ ಹೆಸರಿನಲ್ಲಿ ತೆರಿಗೆಯ ನೋಂದಣಿ ಮಾಡಿಸಿದಳು. ಮೊದಲ ವರ್ಷ ಆ ಸಂಬಂಧದ ಕೆಲಸಕ್ಕೆ ನನ್ನ ಮನೆಗೆ ಬರುತ್ತಿದ್ದಳು. ಒಂದು ಮಂಗಳವಾರ ಬೆಳಿಗ್ಗೆ, ಹಂಚಿಕೆಗೆ ಹೊರಡುವ ಮೊದಲು ಬಂದಿದ್ದಾಗ, ಅವಳಿಗೆ ಫೋನು ಬಂತು. ಹೋಟೆಲಿನ ಸಭೆಯಲ್ಲಿ ಮಾತಾಡಿದ್ದ ಅದೇ ತರುಣ ಅಧಿಕಾರಿ. ಹೊಸದಾಗಿ ವ್ಯಾಪಾರ ಶುರು ಮಾಡಿದ ಮಹಿಳೆಯರಿಗೆಂದು ಅವನ ಊರು ಇನ್ನೊಂದಿಷ್ಟು ರಿಯಾಯಿತಿ ಘೋಷಿಸಿತ್ತು. ಅಣ್ಣನಿಂದ ನಂಬರು ಪಡೆದಿದ್ದ. ಅವಳು ಕೈಯಲ್ಲಿದ್ದ ಕಾಗದಗಳನ್ನು ಬಿಡದೆ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದಳು.

ಶೆಡ್ಡು, ವಿದ್ಯುತ್ತು, ತೆರಿಗೆ ಎಲ್ಲ ಹೇಳಿ, ಹಾಸ್ಟೆಲು ಕೂಡ ಆಗಿದೆ, ಎಷ್ಟು ಹೆಂಗಸರನ್ನು ಕರೆದುಕೊಂಡು ಬರುತ್ತೀರಿ ಎಂದು ಕೇಳಿದ.

“ಸರ್, ಅವರು ನನ್ನ ಕೆಲಸದವರಲ್ಲ. ನಾನೇ ಅವರ ಮನೆಗೆ ಹೋಗೋಳು. ಅವರು ನನ್ನ ಹಿಂದೆ ಬರಲ್ಲ.”

ಅವನು ಕೆಟ್ಟವನಲ್ಲ, ಕೆಲಸ ಬಲ್ಲವನು. “ಏನು ಕೊಟ್ಟರೆ ಬರ್ತಾರೆ ಅಂತಾದರೂ ಹೇಳಿ ಮೇಡಂ. ನಾನು ಮೇಲೆ ಬರೀಬೇಕು.”

ಅವಳು ನನ್ನನ್ನು ನೋಡಿದಳು. ಇಷ್ಟು ವರ್ಷ ಗೇಟಿನಲ್ಲಿ ಕುಳಿತವಳು, ನನಗೇನಾದರೂ ಹೊಳೆಯಬಹುದು ಎಂದಿರಬೇಕು. ನಾನು ಇಲ್ಲವೆಂದು ತಲೆಯಾಡಿಸಿದೆ.

“ಬರಲ್ಲ ಅಂತಾನೇ ಬರ್ಕೊಳಿ ಸರ್,” ಎಂದು ಹೇಳಿ ಅವಳು ಫೋನಿಟ್ಟಳು. ಆಟೋದವನು ಹೊರಗೆ ಹಾರ್ನು ಹಾಕುತ್ತಿದ್ದ. ಅವಳು ಹಂಚಿಕೊಡುತ್ತಿದ್ದ ಮನೆಗಳಲ್ಲಿ ಅರ್ಧಕ್ಕೆ ಮಾತ್ರ ಈಗ ಕೆಲಸ ಉಳಿದಿತ್ತು. ರಾಮಮೂರ್ತಿ ನಗರದ ಸಾಲು ಅದರಲ್ಲಿ ಸೇರಿತ್ತು. ಮೊದಲು ಎರಡು ಆಟೋ ಬೇಕಾಗುತ್ತಿದ್ದ ಬಂಡಲುಗಳು ಆ ದಿನ ಒಂದರಲ್ಲೇ ಹಿಡಿಸಿದ್ದವು, ಅವಳು ಕೂರಲೂ ಜಾಗವಿತ್ತು.